ಫೊಂಟೈನಾಸ್‌ನಲ್ಲಿ ‘ಮನೆಯೊಳಗೆ ಪ್ರವೇಶ’ ಅಂದರೆ ದುಡ್ಡು ಕೊಡಬೇಡಿ

ಪಣಜಿಯಲ್ಲಿ ಪೋರ್ಚುಗೀಸರ ಕಾಲದ ಹಳೇ ಕೇರಿಯಾದ ಫೊಂಟೈನಾಸ್‌ನ ಓಣಿಗಳಲ್ಲಿ ‘ಐದು ಪೋರ್ಚುಗೀಸ್ ಮನೆಗಳ ಒಳಗೆ ಕರೆದೊಯ್ಯುತ್ತೇವೆ’ ಅಂತ ತಲೆಗೆ 900 ರೂಪಾಯಿ ಕೇಳುವವರು ಸಿಕ್ಕರೆ ಒಂದು ಪೈಸೆಯನ್ನೂ ಕೊಡಬೇಡಿ. ನಾವು ಜಾಹೀರಾತು ನಂಬಿ ಫೋನಿನಲ್ಲೇ ಮುಂಗಡ ಕಳಿಸಿದ್ದೆವು. ಸಿಕ್ಕಿದ್ದು ಒಬ್ಬರ ಮನೆ ಹೊಸ್ತಿಲಲ್ಲಿ ಬೈಗುಳ.

ಗೈಡ್ ಹುಡುಗ ಕನ್ನಡದವನೇ. ಗೋವಾದಲ್ಲಿ ಕನ್ನಡ ಕಿವಿಗೆ ಬಿದ್ದರೆ ಹುಬ್ಬಳ್ಳಿ ಕಡೆಯ ನಮ್ಮಂಥವರ ಅರ್ಧ ಅನುಮಾನ ಅಲ್ಲೇ ಕರಗುತ್ತದೆ, ಅವನಿಗೂ ಅದು ಗೊತ್ತು. ಸೇಂಟ್ ಸೆಬಾಸ್ಟಿಯನ್ ಚಾಪೆಲ್ ಎದುರು ಮಾತು ಶುರುಮಾಡಿದ. 1818ರ ಆ ಪುಟ್ಟ ಚಾಪೆಲ್ ಒಳಗಿನ ಶಿಲುಬೆ ಒಂದು ಕಾಲಕ್ಕೆ ಹಳೇ ಗೋವಾದ ಇನ್‌ಕ್ವಿಸಿಷನ್ (ಧರ್ಮದ್ರೋಹದ ವಿಚಾರಣೆ ನಡೆಸುತ್ತಿದ್ದ ಚರ್ಚಿನ ನ್ಯಾಯಾಲಯ) ಅರಮನೆಯಲ್ಲಿತ್ತು, ಅದರ ಮೇಲಿನ ಕ್ರಿಸ್ತ ತಲೆ ಬಾಗಿಸದೆ ಕಣ್ಣು ಬಿಟ್ಟುಕೊಂಡೇ ಇದ್ದಾನೆ. ಇದೆಲ್ಲ ಅವನ ಬಾಯಲ್ಲಿ ಬರಲೇ ಇಲ್ಲ. ಪಕ್ಕದ ಹಳದಿ ಮನೆ ತೋರಿಸಿ ‘ಇದು ಆದಿಲ್‌ಶಾಹನ ಅರಮನೆ’ ಅಂದ. ವಿಜಯಪುರದ ಆದಿಲ್‌ಶಾಹನ ಅರಮನೆ ಇರುವುದು ಮಾಂಡವಿ ದಂಡೆಯಲ್ಲಿ, ಬಹುಕಾಲ ಸಚಿವಾಲಯವಾಗಿದ್ದ ಕಟ್ಟಡವದು. ಗೋಡೆಗಳಿಗೆ ‘ಟೂರಿಸ್ಟ್‌ಗಳಿಗಾಗಿ ಸರ್ಕಾರವೇ ಬಣ್ಣ ಹೊಡೆಸುತ್ತೆ ಸಾರ್’ ಅಂತಲೂ ಹೇಳಿದ. ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಮನೆಗೆ ಬಣ್ಣ ಬಳಿಯಬೇಕು ಅನ್ನುವುದು ಪೋರ್ಚುಗೀಸರ ಕಾಲದ ಕಟ್ಟಳೆ. ಬಿಳಿ ಬಣ್ಣ ಚರ್ಚುಗಳಿಗೆ ಮೀಸಲು, ಉಳಿದವರಿಗೆ ನೀಲಿ, ಹಳದಿ, ಕಾವಿ. ಇವತ್ತಿಗೂ ಆ ಖರ್ಚು ಬೀಳುವುದು ಅಲ್ಲಿ ವಾಸವಿರುವವರ ಮೇಲೇ.

ಈ ‘ವಾಸವಿರುವವರು’ ಅನ್ನುವುದನ್ನೇ ಇಂಥ ಜಾಹೀರಾತುಗಳು ಮುಚ್ಚಿಡುತ್ತವೆ. ಬಹಳ ಮನೆಗಳ ಬಾಗಿಲಲ್ಲಿ ಫೋಟೊ ತೆಗೆಯಬೇಡಿ, ಮೆಟ್ಟಿಲ ಮೇಲೆ ಕೂರಬೇಡಿ ಅಂತ ಬೋರ್ಡಿದೆ. ಅಂಥದ್ದೇ ಒಂದು ಮನೆ ಮುಂದೆ ನಿಂತು ‘ನನಗೆ ಪರಿಚಯದವರು, ಬನ್ನಿ’ ಅಂತ ಅರೆ ತೆರೆದ ಬಾಗಿಲು ತಳ್ಳಿದ. ಊಟದ ಹೊತ್ತು. ಒಳಗಿನಿಂದ ಬಂದ ವಯಸ್ಸಾದ ಹೆಂಗಸು ಕೊಂಕಣಿಯಲ್ಲಿ ಶುರುಮಾಡಿ ಹಿಂದಿಯಲ್ಲಿ ಮುಗಿಸಿದರು. ಒಂದು ಮಾತೂ ತಪ್ಪಿರಲಿಲ್ಲ. ದಿನಾ ಯಾರದೋ ಪ್ರೀ-ವೆಡ್ಡಿಂಗ್ ಶೂಟ್ ಅವರ ಮೆಟ್ಟಿಲ ಮೇಲೆ ನಡೆಯುತ್ತದಂತೆ. ನಮ್ಮ ಗೈಡ್ ಆಗ ಎಲ್ಲಿದ್ದ ಅಂತೀರಿ? ನಮ್ಮ ಬೆನ್ನ ಹಿಂದೆ, ತಾನೂ ಪ್ರವಾಸಿಗನೇ ಅನ್ನುವ ಮುಖ ಮಾಡಿಕೊಂಡು!

ಉಳಿದ ‘ಮನೆಗಳು’ ಯಾವುವು ಗೊತ್ತೇ? ಅಜುಲೇಜು ಅನ್ನುವ ಪೋರ್ಚುಗೀಸ್ ಶೈಲಿಯ ಚಿತ್ರದ ಟೈಲ್ಸ್ ಮಾರುವ ಅಂಗಡಿ, ಒಂದು ಕೆಫೆ, ಹಳೇ ಮನೆಯನ್ನು ಹೋಟೆಲ್ ಮಾಡಿದ ಕಡೆಯ ಲಾಬಿ. ಯಾರು ಬೇಕಾದರೂ ಪುಕ್ಕಟೆ ಹೋಗಬಹುದಾದ ಜಾಗಗಳು. ದುಡ್ಡು ವಾಪಸ್ ಕೇಳಿದಾಗ ಮುಂದಿನ ಸಲ ರಿಯಾಯಿತಿ ಕೊಡುತ್ತೇವೆ ಅಂದರು, ಆಮೇಲೆ ನಂಬರ್ ಬ್ಲಾಕ್. ಯುಪಿಐನಲ್ಲಿ ತೋರಿಸಿದ ಹೆಸರಿಗೂ ಜಾಹೀರಾತಿನ ಹೆಸರಿಗೂ ಸಂಬಂಧವೇ ಇರಲಿಲ್ಲ. ಯಾರಾದರೂ ಒಳಗೆ ಕರೆದೊಯ್ಯುತ್ತೇವೆ ಅಂದರೆ ಯಾವ ಮನೆ, ಮಾಲೀಕರು ಒಪ್ಪಿದ್ದಾರಾ ಅಂತ ಬರವಣಿಗೆಯಲ್ಲಿ ಕೇಳಿ. ಉತ್ತರ ನುಣುಚಿಕೊಂಡರೆ ಅಲ್ಲಿಗೇ ಬಿಡಿ.

ಫೊಂಟೈನಾಸ್ ಅನ್ನು ಬೀದಿಯಿಂದಲೇ, ಬೆಳಿಗ್ಗೆ, ಸದ್ದಿಲ್ಲದೆ ನೋಡಿ. ಅದಕ್ಕೆ ಟಿಕೆಟ್ಟಿಲ್ಲ. ಒಳಾಂಗಣ ನೋಡುವ ಆಸೆ ಇದ್ದರೆ ಪರ್ವರಿ ಹತ್ತಿರದ ತೋರ್ದಾದಲ್ಲಿ ವಾಸ್ತುಶಿಲ್ಪಿ ಜೆರಾರ್ಡ್ ಡಾ ಕುನ್ಹಾ ಕಟ್ಟಿದ, ಹಡಗಿನಂತೆ ಕಾಣುವ ‘ಹೌಸಸ್ ಆಫ್ ಗೋವಾ’ ಮ್ಯೂಸಿಯಂಗೆ ಹೋಗಿ. ಗೋವಾದ ಮನೆಗಳ ಬಗ್ಗೆ ಆ ಹುಡುಗನಿಗಿಂತ ಅದರ ಬಾಗಿಲುಗಳೇ ಹೆಚ್ಚು ಹೇಳುತ್ತವೆ. ನಿಜವಾದ ಮನೆಯೇ ಬೇಕೆಂದರೆ ಮಡಗಾಂವ್‌ನಿಂದ ಪೂರ್ವಕ್ಕೆ ಚಾಂದೋರ್ ಇದೆ. ನಮ್ಮ ಕದಂಬರ ವಂಶದವರೇ ಆಳಿದ ಚಂದ್ರಪುರ ಅದು. ಅಲ್ಲಿನ ಬ್ರಗಾಂಜಾ ಮನೆ ಎರಡು ಪಾಲಾಗಿದೆ, ಒಂದೊಂದು ಪಾಲು ಒಂದೊಂದು ಕುಟುಂಬದ್ದು. ಎರಡೂ ಕಡೆ ಬೇರೆಬೇರೆಯಾಗಿ ಕಾಣಿಕೆ ಕೊಡಬೇಕು, ಚಿಲ್ಲರೆ ಇಟ್ಟುಕೊಳ್ಳಿ. ಕ್ಯಾಮೆರಾ ತೆಗೆಯುವ ಮೊದಲು ಮನೆಯವರನ್ನು ಕೇಳಿ.