ಗೋಡೆಯ ಮೇಲೆ ಪಂತಾನಿ ಇರುವ ಸೈಕಲ್ ಅಂಗಡಿ

ಈ ಅಂಗಡಿಗೆ ಹೆಸರಿನ ಫಲಕವಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಯೊಂದರಲ್ಲಿ, ಪಾತ್ರೆ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ ಇದೆ. ಎರಡು ಸೈಕಲ್ ಒಳಗೆ ಬಂದರೆ ಮೂರನೆಯದು ಚರಂಡಿಯ ಹಾಸುಗಲ್ಲಿನ ಮೇಲೆ ನಿಲ್ಲಬೇಕು. ಮೂವತ್ತು ವರ್ಷದಿಂದ ಈ ಊರಿನಲ್ಲಿರುವ ನನಗೆ ಅದು ಕಣ್ಣಿಗೆ ಬಿದ್ದದ್ದು ಕಳೆದ ಮೇ ತಿಂಗಳಲ್ಲಿ, ಅದೂ ರಾಗಿ ಬೀಸಿಸಲು ಹೋದಾಗ. ಒಳಗೋಡೆಯ ಮೇಲೆ, ಲಕ್ಷ್ಮಿಯ ಕ್ಯಾಲೆಂಡರಿನ ಪಕ್ಕದಲ್ಲಿ, ಬೋಳುತಲೆಗೆ ವಸ್ತ್ರ ಕಟ್ಟಿ ಕಿವಿಗೆ ರಿಂಗು ತೊಟ್ಟ ಸಣಕಲು ಆಳೊಬ್ಬ ಪೆಡಲಿನ ಮೇಲೆ ಎದ್ದು ನಿಂತು ಬೆಟ್ಟ ಹತ್ತುತ್ತಿದ್ದ. ಪತ್ರಿಕೆಯಿಂದ ಕತ್ತರಿಸಿದ ಚಿತ್ರ, ಅಂಚಿನಲ್ಲಿ ಗ್ರೀಸಿನ ಬೆರಳಚ್ಚು. ಇಟಲಿಯ ಸೈಕಲ್ ರೇಸುಗಾರ ಮಾರ್ಕೊ ಪಂತಾನಿ! ರಾಗಿ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡೇ ಒಳಗೆ ಹೋದೆ.

ನಾನು ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಸೈಕಲ್ ಸವಾರಿ ಭಾನುವಾರದ್ದು. ಗಾಜನೂರು, ಸಕ್ರೆಬೈಲು, ಮೈಯಲ್ಲಿ ಕಸುವಿದ್ದರೆ ಮಂಡಗದ್ದೆ. ವರ್ಷಕ್ಕೊಮ್ಮೆ ತೀರ್ಥಹಳ್ಳಿಯಲ್ಲಿ ಉಳಿದುಕೊಂಡು ಆಗುಂಬೆ. ನನ್ನದು ಹಿಂದೆ ಎಂಟು ಗೇರಿರುವ ತೆಳು ಟಯರಿನ ಸೈಕಲ್, ಬೆಂಗಳೂರಿನ ಹುಡುಗನೊಬ್ಬ ಉತ್ಸಾಹ ಇಳಿದ ಮೇಲೆ ಮಾರಿದ್ದು. ಮಲೆನಾಡಿನ ಕೆಂಪು ಕೆಸರು ಚೈನಿಗೆ ಮೆತ್ತಿಕೊಂಡರೆ ಏನಾಗುತ್ತದೆ ಎಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಅದರ ಮೇಲೆ ನಾನು ಮನೆಯ ಕೊಬ್ಬರಿ ಎಣ್ಣೆ ಬಿಟ್ಟಿದ್ದೆ. ಏರು ಬಂದಾಗಲೆಲ್ಲ ಗೇರು ಜಾರಿ ಪೆಡಲು ಗಕ್ಕೆಂದು ಕೆಳಗೆ ಹೋಗುತ್ತಿತ್ತು.

ಹಿಂದಿನ ವರ್ಷ ಇನ್ನೊಂದು ಅಂಗಡಿಯಲ್ಲಿ ಹೊಸ ಚೈನಿಗೆಂದು ದುಡ್ಡು ಕೊಟ್ಟಿದ್ದೆ. ಯಾವ ಅಂಗಡಿ ಎನ್ನುವುದು ಬೇಡ. ಹಳೆಯದನ್ನೇ ಡೀಸೆಲ್‌ನಲ್ಲಿ ತೊಳೆದು ಹೊಳೆಯುವಂತೆ ಮಾಡಿ ಹಾಕಿದ್ದರು. ಗೊತ್ತಾದದ್ದು ಒಂದು ತಿಂಗಳ ಮೇಲೆ, ಒಂದು ಕೊಂಡಿಯ ಮೇಲಿದ್ದ ಹಳೆಯ ಗೀರು ಮತ್ತೆ ಕಾಣಿಸಿದಾಗ. ಅಂದಿನಿಂದ ಸೈಕಲ್ ರಿಪೇರಿಯವರೆಂದರೆ ನನಗೆ ಅನುಮಾನ. ಅಷ್ಟೊತ್ತಿಗಾಗಲೇ ಸೈಕಲ್ ಸವಾರರೆಂದರೂ ಅನುಮಾನವಿತ್ತು, ಅದಕ್ಕೆ ಕಾರಣ ಗೋಡೆಯ ಮೇಲಿದ್ದವನೇ.

ಮೇಸ್ತ್ರಿ ಮೊದಲು ಮಾಡಿದ್ದು ಉಕ್ಕಿನ ಅಡಿಕೋಲು ತೆಗೆದದ್ದು. ಚೈನಿನ ಒಂದು ಪಿನ್ನಿಗೆ ಸೊನ್ನೆಯನ್ನು ತಾಗಿಸಿ ಇಪ್ಪತ್ತನಾಲ್ಕು ಕೊಂಡಿ ಎಣಿಸಿದರು. ಹೊಸ ಚೈನಾದರೆ ಸರಿಯಾಗಿ 12 ಅಂಗುಲ. ಅಂಗುಲದ ಹದಿನಾರನೇ ಒಂದು ಪಾಲು ಹೆಚ್ಚಾಗಿದ್ದರೆ ಚೈನು ಬದಲಿಸಬೇಕು. ಎಂಟನೇ ಒಂದು ಪಾಲು ಹೆಚ್ಚಾಗಿದ್ದರೆ ಹಿಂದಿನ ಹಲ್ಲುಚಕ್ರಗಳೂ ಸವೆದುಹೋಗಿವೆ ಎಂದೇ ಲೆಕ್ಕ. ಅಡಿಕೋಲನ್ನು ನನ್ನ ಕೈಗೆ ಕೊಟ್ಟು, "ನೀವೇ ನೋಡಿ ಸರ್" ಎಂದರು. ಹದಿನಾರನೇ ಒಂದನ್ನು ಕೂದಲೆಳೆಯಷ್ಟು ದಾಟಿತ್ತು. "ಚೈನು ಹೋಗಿದೆ. ಹಲ್ಲುಚಕ್ರ ಇನ್ನೊಂದು ವರ್ಷ ಬರುತ್ತದೆ, ಅದನ್ನು ಹಾಕುವುದಿಲ್ಲ." ಹಾಕುವುದಿಲ್ಲ ಎಂದು ಹೇಳುವ ರಿಪೇರಿಯವರನ್ನು ನಾನು ಅದೇ ಮೊದಲು ಕಂಡದ್ದು.

"ಆ ಮನುಷ್ಯನನ್ನೂ ಹೀಗೇ ಅಳೆದು ಮನೆಗೆ ಕಳಿಸಿದರಲ್ಲವೇ" ಎಂದು ಗೋಡೆ ತೋರಿಸಿದೆ. ಅಲ್ಲಿಯವರೆಗೆ ಚೈನನ್ನೇ ನೋಡುತ್ತಿದ್ದವರು ಆಗ ತಲೆ ಎತ್ತಿದರು. "52" ಎಂದರು. ರಾಗಿ ಹಿಟ್ಟಾಗಿ, ಆರಿ, ಗಿರಣಿಯವನು ಕರೆದು ಕರೆದು ಸುಸ್ತಾಗುವವರೆಗೂ ನಾನು ಅಲ್ಲಿಂದ ಏಳಲಿಲ್ಲ.

ಈ 52 ಏನೆಂದು ಹೇಳಿಬಿಡುತ್ತೇನೆ. ನಮ್ಮ ಮೂತ್ರಪಿಂಡಗಳು ಇಪಿಒ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಕೆಂಪು ರಕ್ತಕಣ ಹುಟ್ಟಿಸುವುದು ಅದರ ಕೆಲಸ. ಮೂತ್ರಪಿಂಡ ಕೆಟ್ಟವರಿಗೆಂದು ಅದನ್ನು ಕೃತಕವಾಗಿ ತಯಾರಿಸಿದರು. ಕಣ ಹೆಚ್ಚಿದರೆ ಸ್ನಾಯುಗಳಿಗೆ ಆಮ್ಲಜನಕ ಹೆಚ್ಚು, ಬೆಟ್ಟ ಹತ್ತುವವನಿಗೆ ಬೇಕಾದ್ದೂ ಅದೇ. ತೊಂಬತ್ತರ ದಶಕದಲ್ಲಿ ಅದನ್ನು ಹಿಡಿಯುವ ಪರೀಕ್ಷೆ ಇರಲಿಲ್ಲ. ಹಾಗಾಗಿ 1997ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಒಂದು ಗೆರೆ ಎಳೆಯಿತು: ರಕ್ತದಲ್ಲಿ ಕೆಂಪುಕಣಗಳ ಪಾಲು ಶೇ 50 ದಾಟಿದರೆ ಹದಿನೈದು ದಿನ ಸವಾರಿ ಮಾಡುವಂತಿಲ್ಲ. ಅದು ಶಿಕ್ಷೆಯಲ್ಲ, ಆರೋಗ್ಯದ ದೃಷ್ಟಿಯಿಂದ ಅಷ್ಟೇ ಎಂಬ ವಿವರಣೆ ಬೇರೆ. ಲೆಕ್ಕ ಬರೆಯುವ ಯಾರನ್ನಾದರೂ ಕೇಳಿದ್ದರೆ ಮುಂದೇನಾಗುತ್ತದೆ ಎಂದು ಹೇಳುತ್ತಿದ್ದರು. ಐವತ್ತಕ್ಕೆ ತೆರಿಗೆ ಎಂದರೆ ನಲವತ್ತೊಂಬತ್ತಕ್ಕೇ ಬಿಲ್ಲು ಬರೆಸುವವರು ಹುಟ್ಟಿಕೊಳ್ಳುತ್ತಾರೆ. ಪಂತಾನಿ 1999ರ ಜೂನ್ 5ರಂದು, ಇಟಲಿಯ ಜಿರೊ ಎಂಬ ರೇಸು ಮುಗಿಯಲು ಇನ್ನು ಎರಡೇ ಹಂತ ಉಳಿದು ತಾನು ಮುಂದಿದ್ದಾಗ, ಮಡೊನ್ನಾ ದಿ ಕಾಂಪಿಲ್ಯೊ ಎಂಬ ಊರಿನಲ್ಲಿ ಬೆಳಗಿನ ಪರೀಕ್ಷೆಯಲ್ಲಿ 52 ಬಂದು ಹೊರಬಿದ್ದ. ಆಮೇಲೆ ಆತ ಹಳೆಯ ಪಂತಾನಿ ಆಗಲೇ ಇಲ್ಲ. 2004ರ ಫೆಬ್ರುವರಿ 14ರಂದು ರಿಮಿನಿಯ ಹೋಟೆಲ್ ಕೋಣೆಯೊಂದರಲ್ಲಿ ಕೊಕೇನ್‌ನಿಂದ ಸತ್ತ. ಮೂವತ್ತನಾಲ್ಕು ವರ್ಷ.

ನಾನು ಆತನಿಗೆ ಮನಸೋತದ್ದು ಆ 52ಕ್ಕೂ ಒಂದು ವರ್ಷ ಮುಂಚೆ. 1998ರ ಜುಲೈ, ಹೊರಗೆ ಪುಷ್ಯ ಮಳೆ, ಬಾಡಿಗೆ ಮನೆಯ ಯಜಮಾನರ ಟಿವಿಯಲ್ಲಿ ಫ್ರಾನ್ಸಿನ ರೇಸಿನ, ಅಂದರೆ ಟೂರ್ ಡಿ ಫ್ರಾನ್ಸಿನ, ತುಣುಕು. ಅಲ್ಲೂ ಮಳೆ. ಗಾಲಿಬಿಯೆ ಎಂಬ ಬೆಟ್ಟದಲ್ಲಿ ಎಲ್ಲರೂ ತಲೆ ತಗ್ಗಿಸಿ ಚಳಿಗೆ ಮುದುರಿಕೊಂಡಿದ್ದಾಗ ಈತ ಒಬ್ಬನೇ ಎದ್ದು ಹೋದ. ಆ ಒಂದೇ ದಿನದಲ್ಲಿ, ರೇಸಿನಲ್ಲಿ ಮುಂದಿರುವವನು ತೊಡುವ ಹಳದಿ ಅಂಗಿಯ ಯಾನ್ ಉಲ್ರಿಚ್ ಈತನಿಗಿಂತ ಒಂಬತ್ತು ನಿಮಿಷದಷ್ಟು ಹಿಂದೆ ಬಿದ್ದ. ಮಳೆಯಲ್ಲಿ ನೆನೆದು ಹತ್ತುವವನನ್ನು ಮಲೆನಾಡಿನವನು ಮೆಚ್ಚದೆ ಇನ್ನಾರನ್ನು ಮೆಚ್ಚಬೇಕು? ಅದೇ ರೇಸಿನ ಆರಂಭಕ್ಕೆ ಮುನ್ನ ಫೆಸ್ಟಿನಾ ತಂಡದ ಆರೈಕೆದಾರನ ಕಾರಿನಲ್ಲಿ ಗಡಿಯ ಕಸ್ಟಮ್ಸ್ ಅಧಿಕಾರಿಗಳಿಗೆ ಇಪಿಒ ರಾಶಿಯೇ ಸಿಕ್ಕಿತ್ತು. ತಂಡವನ್ನು ಹೊರಹಾಕಿದರು, ಪೊಲೀಸರು ಹೋಟೆಲ್‌ಗಳಿಗೆ ನುಗ್ಗಿದರು, ಸವಾರರು ಪ್ರತಿಭಟಿಸಿ ರಸ್ತೆಯಲ್ಲೇ ಕುಳಿತರು. ಹೊರಟ 189 ಮಂದಿಯಲ್ಲಿ ಪ್ಯಾರಿಸ್ ಮುಟ್ಟಿದವರು 96. ಅಂಥ ಕೊಳೆಯ ನಡುವೆ ಪಂತಾನಿಯನ್ನು ಎಲ್ಲರೂ ಗಂಗೆಯಂತೆ ಕಂಡೆವು. 2013ರಲ್ಲಿ ಫ್ರಾನ್ಸಿನ ಸೆನೆಟ್ ವರದಿ ಬಂತು: ಆ ವರ್ಷದ ಮಾದರಿಗಳನ್ನು ಮತ್ತೆ ಪರೀಕ್ಷಿಸಿದಾಗ ಪಂತಾನಿಯದರಲ್ಲೂ ಉಲ್ರಿಚ್‌ನದರಲ್ಲೂ ಇಪಿಒ ಇತ್ತು.

ನನ್ನ ತಕರಾರು ಇರುವುದು ಖಾತೆಯ ಬಗ್ಗೆ. ಲಾನ್ಸ್ ಆರ್ಮ್‌ಸ್ಟ್ರಾಂಗ್ 1999ರಿಂದ 2005ರವರೆಗೆ ಅದೇ ಫ್ರಾನ್ಸಿನ ರೇಸಿನಲ್ಲಿ ಗೆದ್ದ ಏಳೂ ಪ್ರಶಸ್ತಿಗಳನ್ನು ಮದ್ದಿನ ಕಾರಣಕ್ಕೆ 2012ರಲ್ಲಿ ಹೊಡೆದುಹಾಕಿದರು. ಆ ಏಳು ಸಾಲು ಇಂದಿಗೂ ಖಾಲಿ. 1996ರ ವಿಜೇತ ಬ್ಯಾರ್ನ್ ರೀಸ್ ತಾನು ಇಪಿಒ ತೆಗೆದುಕೊಂಡಿದ್ದೆ ಎಂದು 2007ರಲ್ಲಿ ತಾನೇ ಒಪ್ಪಿಕೊಂಡರೂ ಆತನ ಹೆಸರು ಪಟ್ಟಿಯಲ್ಲಿದೆ. ಪಂತಾನಿಯ 1998ರ ಗೆಲುವು ಕೂಡ ಇದೆ. ಒಂದೇ ಪುಸ್ತಕದಲ್ಲಿ ಒಬ್ಬನಿಗೆ ಒಂದು ಕ್ರಮ, ಇನ್ನೊಬ್ಬನಿಗೆ ಇನ್ನೊಂದು ಕ್ರಮ. ನಾನು ಹೀಗೆ ಬರೆದಿದ್ದರೆ ಆಡಿಟರು ಪುಸ್ತಕವನ್ನು ನನ್ನ ಮುಖಕ್ಕೇ ಎಸೆಯುತ್ತಿದ್ದರು.

ಮೇಸ್ತ್ರಿಗೆ ಖಾತೆಯ ಚಿಂತೆಯಿಲ್ಲ. ಅವರು ವಿಜಯಪುರದ ಕಡೆಯವರು. ಆ ಭಾಗದಲ್ಲಿ ನಮ್ಮ ಕಡೆ ಕ್ರಿಕೆಟ್ ಇದ್ದಂತೆ ಸೈಕಲ್ ರೇಸು. ಅವರೂ ಓಡಿಸಿದವರೇ, ಮದುವೆಯಾಗಿ ಹೆಂಡತಿಯ ಊರಿಗೆ ಬಂದು ನೆಲೆಸಿದವರು. ಅವರ ಮೆಚ್ಚಿನ ಸವಾರ ಕ್ರಿಸ್ತೋಫ್ ಬಾಸೋನ್ ಎಂದಾಗ ನನಗೆ ಆಶ್ಚರ್ಯವಾಯಿತು. ಬಾಸೋನ್ ಅದೇ ಫೆಸ್ಟಿನಾ ತಂಡದಲ್ಲಿದ್ದು ಮದ್ದು ಮುಟ್ಟದವನು, ಅದನ್ನು ಮುಟ್ಟಿದ ಜೊತೆಗಾರರೇ ಹೇಳಿದ್ದರು. 1999ರಲ್ಲಿ ರೇಸಿನ ಮಧ್ಯೆಯೇ ಪತ್ರಿಕೆಗೆ ಬರೆಯುತ್ತಾ ಈ ವೇಗ ನಂಬುವಂಥದ್ದಲ್ಲ ಎಂಬ ಧಾಟಿಯಲ್ಲಿ ಮಾತಾಡಿದ. ಆರ್ಮ್‌ಸ್ಟ್ರಾಂಗ್ ಪಕ್ಕಕ್ಕೆ ಬಂದು ಮನೆಗೆ ಹೋಗು ಎಂದ. ಉಳಿದವರು ಮಾತು ಬಿಟ್ಟರು. ಬಾಸೋನ್ ರೇಸು ಬಿಟ್ಟು ಹೊರಟುಹೋದ.

"ಹಾಗಾದರೆ ಗೋಡೆಯ ಮೇಲೆ ಬಾಸೋನ್ ಯಾಕಿಲ್ಲ?"

"ಪತ್ರಿಕೆಯಲ್ಲಿ ಅವರ ಫೋಟೋ ಬರಲಿಲ್ಲವಲ್ಲ ಸರ್."

ಎರಡನೇ ಸಲ ಹೋದಾಗ ಅವರು ನನ್ನ ಕಸುಬಿನ ವಿಷಯ ತೆಗೆದರು. ಅಡಿಕೆ ಅಷ್ಟು ಕೆಂಪಗೆ ಹೇಗಾಗುತ್ತದೆ, ಬಣ್ಣ ಹಾಕುತ್ತಾರೆಯೇ? ಛೆ ಛೆ, ಅದು ಚೊಗರು ಎಂದೆ. ಸುಲಿದ ಹಸಿ ಅಡಿಕೆಯನ್ನು ಬೇಯಿಸಿದಾಗ ಬಿಟ್ಟುಕೊಳ್ಳುವ ರಸವೇ ಚೊಗರು. ಗಟ್ಟಿಯಾದ ಅದನ್ನು ಅಡಿಕೆಗೇ ಹಿಡಿಸಿ ಒಣಗಿಸಿದರೆ ರಾಶಿ ಅಡಿಕೆಗೆ ಆ ಹೊಳಪು. ಆದರೆ ಕೆಲವರು ಹೊರಗಿನ ಬಣ್ಣ ಬಳಿಯುತ್ತಾರೆ; ಅದಕ್ಕೇ ಖರೀದಿದಾರ ಕಣ್ಣನ್ನು ನಂಬದೆ ಅಡಕತ್ತರಿಯಲ್ಲಿ ಸೀಳಿ ನೋಡುತ್ತಾನೆ. ಮೇಸ್ತ್ರಿ ಸ್ಪಾನರ್ ಕೆಳಗಿಟ್ಟರು. "ಹಾಗಾದರೆ ತಮ್ಮ ರಕ್ತವನ್ನೇ ತೆಗೆಸಿಟ್ಟು ರೇಸಿನಲ್ಲಿ ಮತ್ತೆ ಹಾಕಿಸಿಕೊಂಡವರದು ಚೊಗರು. ಇಪಿಒ ಚುಚ್ಚಿಸಿಕೊಂಡವರದು ಬಣ್ಣ. ಅಲ್ಲವೇ?"

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. 2006ರಲ್ಲಿ ಸ್ಪೇನಿನ ವೈದ್ಯ ಫುಯೆಂತೆಸ್ ಬಳಿ ಪೊಲೀಸರು ಹಿಡಿದದ್ದು ಇಂಥ ರಕ್ತದ ಚೀಲಗಳನ್ನೇ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಕೆಲವು ಸೈಕಲ್ ಸವಾರರು ರಕ್ತ ಹಾಕಿಸಿಕೊಂಡಿದ್ದರು; ಆಗ ಅದಕ್ಕೆ ನಿಷೇಧವೇ ಇರಲಿಲ್ಲ, ನಿಷೇಧ ಬಂದದ್ದು ಆಮೇಲೆ. ಮಂಡಿಯಲ್ಲಿ ಚೊಗರು ಎಲ್ಲರೂ ಬಲ್ಲದ್ದು, ಮುಚ್ಚಿಡುವುದಿಲ್ಲ. ಇವರು ಫ್ರಿಜ್ಜಿನಲ್ಲಿ ಮುಚ್ಚಿಟ್ಟಿದ್ದರು, ಅದೇ ವ್ಯತ್ಯಾಸ ಎಂದೆ. ಅವರಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ. ನನಗೂ ಪೂರ್ತಿ ಆಗಿಲ್ಲ.

ಆಗಲೇ ಅವರು ತಮ್ಮ ವಿಷಯ ಹೇಳಿದ್ದು. ಹತ್ತೊಂಬತ್ತನೇ ವಯಸ್ಸಿನಲ್ಲಿ, ಒಂದು ಜಾತ್ರೆಯ ರೇಸಿನ ಬೆಳಗ್ಗೆ, ಪರಿಚಯದವರೊಬ್ಬರು ಕಾಗದದಲ್ಲಿ ಸುತ್ತಿದ ಮಾತ್ರೆ ಕೊಟ್ಟು ದಣಿವಾಗುವುದಿಲ್ಲ ಎಂದರಂತೆ. ಇವರು ಅರ್ಧ ಮುರಿದು ನುಂಗಿದರು, ಇನ್ನರ್ಧವನ್ನು ಕಿಸೆಯಲ್ಲಿಟ್ಟರು. ಎರಡನೆಯವರಾಗಿ ಬಂದರು. ಅದಕ್ಕಿಂತ ಮೇಲಿನ ಸ್ಥಾನ ಅವರಿಗೆ ಮುಂದೆಂದೂ ಬರಲಿಲ್ಲ. "ಆ ದಿನ ಓಡಿಸಿದ್ದು ಕಾಲೋ ಮಾತ್ರೆಯೋ ಇವತ್ತಿಗೂ ಗೊತ್ತಿಲ್ಲ ಸರ್. ತಲೆನೋವಿನ ಮಾತ್ರೆಯೇ ಆಗಿದ್ದರೂ ಆಗಿರಬಹುದು. ಅರ್ಧ ಉಳಿದಿತ್ತಲ್ಲ, ಯಾರಿಗಾದರೂ ತೋರಿಸಿ ಕೇಳಬಹುದಿತ್ತು. ಅಂಗಿ ಒಗೆದಾಗ ಕರಗಿಹೋಯಿತು." ಇಷ್ಟು ಹೇಳಿ ಚಕ್ರದ ಔಟ್ ತೆಗೆಯಲು ಕುಳಿತರು. ಬ್ರೇಕಿನ ರಬ್ಬರಿನ ಪಕ್ಕ ರಿಮ್ಮು ತಿರುಗುವುದನ್ನೇ ನೋಡುತ್ತಾ, ಉಜ್ಜಿದ ಕಡೆ ಒಂದೊಂದು ಕಡ್ಡಿಗೆ ಕಾಲು ಸುತ್ತು, ಮತ್ತೆ ತಿರುಗಿಸುವುದು, ಮತ್ತೆ ಕಾಲು ಸುತ್ತು. ನಾನೂ ಸುಮ್ಮನೆ ಚಕ್ರ ನೋಡುತ್ತಾ ಕುಳಿತೆ.

ಇನ್ನು ಬಿಲ್ಲು. ಚೈನು 750, ಎರಡು ಜೊತೆ ಬ್ರೇಕ್ ರಬ್ಬರು 240, ಗೇರಿನ ತಂತಿ 120, ಪೂರ್ತಿ ಬಿಚ್ಚಿ ಗ್ರೀಸ್ ಹಾಕಿದ ಮಜೂರಿ 500. ಒಟ್ಟು 1,610 ರೂಪಾಯಿ. ಜೊತೆಗೆ ಪತ್ರಿಕೆಯ ಹಾಳೆಯಲ್ಲಿ ಕಟ್ಟಿ ದಾರ ಸುತ್ತಿದ ಪೊಟ್ಟಣ: ತೆಗೆದ ಚೈನು, ಸವೆದ ರಬ್ಬರುಗಳು, ತುಂಡಾದ ತಂತಿ. ಎಲ್ಲರಿಗೂ ಹೀಗೇ ಕೊಡುತ್ತಾರಂತೆ. ಎಂಟನೇ ತರಗತಿಯ ಮಕ್ಕಳಿಗೆ ಹಿಂದೆ ಸರ್ಕಾರ ಕೊಟ್ಟ ಸೈಕಲ್ಲು ತಂದ ಹುಡುಗಿಯೊಬ್ಬಳಿಗೆ ಹಳೆಯ ವಾಲ್ವ್ ಟ್ಯೂಬಿನ ತುಣುಕನ್ನೂ ಪೊಟ್ಟಣ ಕಟ್ಟಿ ಕೊಟ್ಟದ್ದನ್ನು ಕಣ್ಣಾರೆ ನೋಡಿದೆ.

ದೋಷಗಳೂ ಇವೆ. ಗುರುವಾರ ಎಂದವರು ಕೊಟ್ಟದ್ದು ಮುಂದಿನ ವಾರದ ಶನಿವಾರ. ಫೋನ್ ಎತ್ತುವುದಿಲ್ಲ, ಕೈಯಲ್ಲಿ ಗ್ರೀಸ್ ಎನ್ನುತ್ತಾರೆ. ಮರುದಿನ ಮಂಡಗದ್ದೆಗೆ ಹೊರಟೆ. ಗೇರು ಬೆಣ್ಣೆಯಂತೆ ಬೀಳುತ್ತಿತ್ತು, ಏರಿನಲ್ಲಿ ಒಮ್ಮೆಯೂ ಜಾರಲಿಲ್ಲ, ಆದರೆ ಸಕ್ರೆಬೈಲು ದಾಟುವಷ್ಟರಲ್ಲಿ ಎಡ ಪೆಡಲು ಪ್ರತಿ ಸುತ್ತಿಗೂ ಟಕ್ ಎನ್ನತೊಡಗಿತು. ಆನೆಗಳು ಸ್ನಾನ ಮುಗಿಸಿ ಬರುವ ಹೊತ್ತಿಗೆ ನಾನು ರಸ್ತೆ ಬದಿಯಲ್ಲಿ ಸ್ಪಾನರ್ ಇಲ್ಲದೆ ಪೆಡಲನ್ನು ಬರಿಗೈಯಲ್ಲಿ ತಿರುವುತ್ತಿದ್ದೆ. ಸೋಮವಾರ ಹೋಗಿ ಹೇಳಿದಾಗ, "ಬಿಗಿ ಮಾಡುವಾಗ ನಿಮ್ಮ ಹತ್ತಿರ ಮಾತಾಡುತ್ತಿದ್ದೆ, ಮರೆತಿದ್ದೇನೆ, ತಪ್ಪು ನನ್ನದು" ಎಂದರು. ಎರಡು ನಿಮಿಷದ ಕೆಲಸ, ದುಡ್ಡು ತೆಗೆದುಕೊಳ್ಳಲಿಲ್ಲ. ಎಣ್ಣೆ ಒತ್ತಡದ ಡಿಸ್ಕ್ ಬ್ರೇಕ್, ಕಾರ್ಬನ್ ಫ್ರೇಮು ಇದ್ದವರು ಅಲ್ಲಿಗೆ ಹೋಗುವುದು ವ್ಯರ್ಥ; ತನಗೆ ಬಾರದು ಎಂದು ಅವರೇ ವಾಪಸು ಕಳಿಸುತ್ತಾರೆ.

ಅವರ ಮಗ ಸ್ಲೊವೇನಿಯಾದ ಈಗಿನ ಸವಾರ ಪೊಗಾಚರ್ ಪಕ್ಷ. ಫ್ರಾನ್ಸಿನ ಪ್ಲಾಟೊ ದ ಬೇಯ್ ಬೆಟ್ಟದಲ್ಲಿ 1998ರ ಪಂತಾನಿಯ ಸಮಯವನ್ನು ಪೊಗಾಚರ್ 2024ರಲ್ಲಿ ಮೂರೂವರೆ ನಿಮಿಷದಷ್ಟು ಕಡಿಮೆ ಮಾಡಿದ್ದನ್ನು ಮೊಬೈಲಿನಲ್ಲಿ ತೋರಿಸಿದ. ಸೈಕಲ್ಲು ಬದಲಾಗಿದೆ, ಟಯರು ಬದಲಾಗಿದೆ, ತಿನ್ನುವ ಲೆಕ್ಕ ಬದಲಾಗಿದೆ, ಯಾವ ಪರೀಕ್ಷೆಯಲ್ಲೂ ಆತ ಸಿಕ್ಕಿಬಿದ್ದಿಲ್ಲ; ಸವಾರರ ರಕ್ತದ ಏರಿಳಿತವನ್ನು ವರ್ಷಗಟ್ಟಲೆ ದಾಖಲಿಸುವ ಪದ್ಧತಿಯೂ 2008ರಿಂದ ಇದೆ. ಎಲ್ಲವೂ ನಿಜ. ನೋಡುತ್ತೇನೆ, ಖುಷಿಯೂ ಆಗುತ್ತದೆ. ಅಡಕತ್ತರಿಯನ್ನು ಮಾತ್ರ ಜೇಬಿನಿಂದ ತೆಗೆದಿಡಲಾರೆ. ಹುಡುಗನಿಗೆ ನನ್ನ ಮೇಲೆ ಸಿಟ್ಟು.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ತಡವಾದದ್ದಕ್ಕೆ, ಪೆಡಲನ್ನು ಲೆಕ್ಕಕ್ಕೆ ಹಿಡಿದಿಲ್ಲ. ಹೋಗುವವರು ಮೇ ಮೊದಲ ವಾರದೊಳಗೆ ಹೋಗಿ. ಶಾಲೆ ಶುರುವಾದರೆ ಮಕ್ಕಳ ಸೈಕಲ್ಲುಗಳು ಓಣಿಯ ತುದಿಯವರೆಗೆ ಸಾಲು ನಿಲ್ಲುತ್ತವೆ, ಅವುಗಳ ನಂತರವೇ ನಮ್ಮದು. ನಗದು ಹಿಡಿದುಕೊಂಡು ಹೋಗಿ. ಗಿರಣಿಯ ಸದ್ದು ಕೇಳಿದ ಕಡೆ ಎಡಕ್ಕೆ ನೋಡಿದರೆ ಪಂತಾನಿ ಕಾಣುತ್ತಾನೆ. ಬಾಸೋನ್‌ನ ಚಿತ್ರ ಯಾರ ಬಳಿಯಾದರೂ ಇದ್ದರೆ ಒಂದು ಪ್ರತಿ ಮಾಡಿಸಿ ತಂದುಕೊಡಿ, ಕ್ಯಾಲೆಂಡರಿನ ಇನ್ನೊಂದು ಪಕ್ಕದಲ್ಲಿ ಮೊಳೆ ಹೊಡೆದಿಟ್ಟಿದ್ದಾರೆ.