ದತ್ತಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಕೊಡುವ ಮುನ್ನ ಇದನ್ನು ಓದಿ

ಜೇವರ್ಗಿ, ಅಫಜಲಪುರ, ಶಹಾಪುರ, ಸುರಪುರ ಕಡೆಯಿಂದ ಮಕ್ಕಳನ್ನು ಓದಲು ಕಲಬುರಗಿಗೆ ಕಳುಹಿಸುವ ತಂದೆ ತಾಯಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಾಲೇಜಿನ ಆಡಳಿತ ಮಂಡಳಿ ತಾನೇ ಹಂಚುವ ದತ್ತಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವವರು ಇಬ್ಬರ ಬಗ್ಗೆ ಎಚ್ಚರವಾಗಿರಬೇಕು. ಕೊಟ್ಟ ಅರ್ಜಿಯನ್ನು ಬಂದೇ ಇಲ್ಲ ಎನ್ನುವ ಕಚೇರಿಯವರು ಒಂದು ಕಡೆ. ಅನ್ಯಾಯವಾದ ಮೇಲೆ ನ್ಯಾಯ ಕೊಡಿಸುತ್ತೇವೆಂದು ಮನೆಗೆ ಬಂದು, ನಿಮ್ಮ ಮಗಳ ಕಾಗದಪತ್ರಗಳನ್ನು ಊರಿಗೆಲ್ಲ ಹಂಚುವವರು ಇನ್ನೊಂದು ಕಡೆ. ನನ್ನ ತಂಗಿ ಇಬ್ಬರ ಕೈಗೂ ಸಿಕ್ಕಳು. ಹೆಚ್ಚು ಪೆಟ್ಟು ಕೊಟ್ಟವರು ಎರಡನೆಯವರೇ.

ಸರ್ಕಾರದ ವಿದ್ಯಾರ್ಥಿವೇತನದ ದಾರಿ ಬೇರೆ. ರೈತರ ಮಕ್ಕಳಿಗೆಂದು 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಬಿ.ಎಸ್ಸಿ. ಓದುವ ಹುಡುಗಿಗೆ ವರ್ಷಕ್ಕೆ 5,500 ರೂಪಾಯಿ ನಿಗದಿ ಮಾಡಿದ್ದರು. ಸರ್ಕಾರದ ಇಂಥ ಹಣ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ನೇರವಾಗಿ ಬರುತ್ತದೆ. ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಹಾಕಿದ ಅರ್ಜಿಗೆ ಒಂದು ಸಂಖ್ಯೆ ಇರುತ್ತದೆ, ಅದು ಯಾವ ಹಂತದಲ್ಲಿ ನಿಂತಿದೆ ಎಂದು ಮೊಬೈಲ್‌ನಲ್ಲೇ ನೋಡಬಹುದು. ಕಾಲೇಜಿನವರು ದಾಖಲೆ ದೃಢೀಕರಿಸುವಾಗ ತಡ ಮಾಡಬಹುದು, ಆದರೆ ಒಬ್ಬಳ ಹಣವನ್ನು ಇನ್ನೊಬ್ಬಳಿಗೆ ಕೊಡುವುದು ಸುಲಭವಲ್ಲ. ದತ್ತಿನಿಧಿಗೆ ಇಂಥ ಕಾವಲು ಯಾವುದೂ ಇಲ್ಲ. ಯಾರೋ ಪುಣ್ಯಾತ್ಮರು ತಮ್ಮ ತಾಯಿಯ ಹೆಸರಿನಲ್ಲೋ ತಂದೆಯ ಹೆಸರಿನಲ್ಲೋ ಕಾಲೇಜಿಗೆ ಒಂದು ಮೊತ್ತ ಕೊಟ್ಟಿರುತ್ತಾರೆ, ಅದು ಬ್ಯಾಂಕಿನಲ್ಲಿ ಠೇವಣಿಯಾಗಿರುತ್ತದೆ, ಬಡ್ಡಿಯನ್ನು ವರ್ಷಕ್ಕೊಬ್ಬ ವಿದ್ಯಾರ್ಥಿಗೆ ಕೊಡುತ್ತಾರೆ. ಯಾರಿಗೆ, ಯಾವ ಷರತ್ತಿನ ಮೇಲೆ ಎಂಬುದು ಬೀರುವಿನೊಳಗಿನ ಕಡತದಲ್ಲಿರುತ್ತದೆ. ಬೀರುವಿನ ಕೀಲಿ ಯಾರ ಬಳಿ ಇದೆಯೋ ಅವರದೇ ಮಾತು.

ನಮ್ಮದು ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿ. ಮಳೆಯನ್ನೇ ನಂಬಿದ ಎರೆಭೂಮಿ, ತೊಗರಿ ಬಿಟ್ಟರೆ ಹೇಳಿಕೊಳ್ಳುವಂಥ ಬೆಳೆ ಇಲ್ಲ. ತೊಗರಿಗೆ ನೆಟೆ ರೋಗ ಬಿದ್ದು ಹೊಲ ನಿಂತಲ್ಲೇ ಒಣಗಿದ ಮೇಲೆ ತಂಗಿಯ ಹಾಸ್ಟೆಲ್ ಖರ್ಚಿಗೆ ನಾವು ನೆಚ್ಚಿಕೊಂಡಿದ್ದು ಇಂಥ ಒಂದು ದತ್ತಿಯನ್ನು. ಒಣಬೇಸಾಯದ ಕುಟುಂಬದಿಂದ ಬಂದು ಅಂತಿಮ ವರ್ಷದ ವಿಜ್ಞಾನ ವಿಭಾಗದಲ್ಲಿ ಹೆಚ್ಚು ಅಂಕ ಪಡೆದವರಿಗೆ ಅದು ಸಲ್ಲಬೇಕು ಎಂದು ಅವಳ ಉಪನ್ಯಾಸಕರೇ ತಿಳಿಸಿದ್ದರು. ಅವಳ ಅಂಕ ತರಗತಿಯಲ್ಲೇ ಮೊದಲನೆಯದು. ಅಂಕಪಟ್ಟಿ, ಪಹಣಿ, ಆದಾಯ ಪ್ರಮಾಣಪತ್ರ ಎಲ್ಲವನ್ನೂ ಲಗತ್ತಿಸಿ ಅರ್ಜಿ ಕೊಡಲು ಹೋದಾಗ ನಾನೂ ಜೊತೆಗಿದ್ದೆ. ಗುಮಾಸ್ತರು ಅದನ್ನು ಕಬ್ಬಿಣದ ರ‍್ಯಾಕಿನ ಮೇಲಿದ್ದ ಕಟ್ಟಿನ ಮೇಲಿಟ್ಟರು. ಸ್ವೀಕೃತಿ ಕೇಳಿದೆ. "ಇದೇನು ತಹಶೀಲ್ದಾರ್ ಕಚೇರಿಯೇ ತಾಯಿ? ನಮ್ಮ ಕಾಲೇಜು, ನಮ್ಮ ಮಕ್ಕಳು. ಹೋಗಿ ಬನ್ನಿ" ಎಂದರು. ಎರಡನೆಯ ಸಲ ಕೇಳಿದ್ದಕ್ಕೆ ಮುಖ ತಿರುಗಿಸಿಕೊಂಡರು.

ಕೆಲವು ವಾರಗಳ ನಂತರ ಸೂಚನಾ ಫಲಕದಲ್ಲಿ ಎರಡು ಹಾಳೆಗಳು ಒಟ್ಟಿಗೇ ಕಾಣಿಸಿದವು. ಒಂದು ಅರ್ಜಿ ಆಹ್ವಾನ, ಇನ್ನೊಂದು ಆಯ್ಕೆಯ ಪ್ರಕಟಣೆ. ಅರ್ಜಿ ಆಹ್ವಾನದ ಕೆಳಗೆ ಹಿಂದಿನ ತಿಂಗಳ ದಿನಾಂಕ, ಪ್ರಾಂಶುಪಾಲರ ಸಹಿ, ದುಂಡು ಮೊಹರು. ಆದರೆ ಅಂಟು ಇನ್ನೂ ಆರಿರಲಿಲ್ಲ. ತಂಗಿ ಬೆರಳಿಟ್ಟರೆ ಹಾಳೆಯ ಮೂಲೆ ಫಲಕದ ಮೇಲೆ ಜಾರಿತು. ಅವಳು ಮೊಬೈಲ್‌ನಲ್ಲಿ ತೆಗೆದ ಚಿತ್ರ ನನ್ನ ಬಳಿ ಇದೆ: ಎರಡೂ ಹಾಳೆಗಳ ಅಂಚಿನಲ್ಲಿ ಹಸಿ ಗೋಂದು ಹೊಳೆಯುತ್ತಿದೆ. ಆಯ್ಕೆಯಾದ ಹುಡುಗಿ ಆಡಳಿತ ಮಂಡಳಿಯ ಸದಸ್ಯರೊಬ್ಬರ ಹತ್ತಿರದ ಸಂಬಂಧಿ. ಗಂಜ್‌ನಲ್ಲಿ ಅಡತಿ, ನಗರದ ಹೊರಗೆ ದಾಲ್ ಮಿಲ್ ಇರುವ ಮನೆತನ. ನಾವು ಬೆಳೆದ ತೊಗರಿ ಅಂಥ ಮಿಲ್‌ಗಳಿಗೇ ಹೋಗುತ್ತದೆ.

ಕಚೇರಿಯಲ್ಲಿ ವಿಚಾರಿಸಿದರೆ ದಿನಕ್ಕೊಂದು ಉತ್ತರ. ನಿಮ್ಮ ಅರ್ಜಿ ಬಂದಿಲ್ಲ ಎಂದರು. ಬಂದಿದೆ, ಆದರೆ ತಡವಾಗಿದೆ ಎಂದರು. ಸರ್ಕಾರದಿಂದ ಪಡೆಯುತ್ತಿರುವವರಿಗೆ ಇದು ಬರುವುದಿಲ್ಲ ಎಂದರು. ಕೊನೆಗೆ ಒಬ್ಬರು ಅಪ್ಪನನ್ನು ಪಕ್ಕಕ್ಕೆ ಕರೆದು, "ಯಜಮಾನರೇ, ಬೇರೆ ಬಾಬ್ತಿನಿಂದ ಸ್ವಲ್ಪ ಕೊಡಿಸೋಣ, ಯಾವ ತಕರಾರೂ ಇಲ್ಲ ಎಂದು ಬರೆದುಕೊಡಿ" ಎಂದು ಹಾಳೆ ಮುಂದಿಟ್ಟರು. ಅಪ್ಪ ಸಹಿ ಹಾಕಲಿಲ್ಲ. ಅವರು ಏಳನೆಯ ತರಗತಿಯವರೆಗೆ ಮಾತ್ರ ಓದಿದವರು. ಆದರೂ ಓದಿ ನೋಡದೆ, ನಕಲು ಇಟ್ಟುಕೊಳ್ಳದೆ ಯಾವುದಕ್ಕೂ ಸಹಿ ಹಾಕಬಾರದೆಂಬುದನ್ನು ಸೊಸೈಟಿ ಸಾಲದ ವ್ಯವಹಾರದಲ್ಲಿ ಕಲಿತಿದ್ದರು.

ಇಲ್ಲಿಯವರೆಗಿನದು ವಶೀಲಿಯ ಕಥೆ, ಬಹಳ ಮನೆಗಳಲ್ಲಿ ನಡೆದಿರುತ್ತದೆ. ಮುಂದಿನದನ್ನು ಗಮನವಿಟ್ಟು ಓದಿ.

ನಗರದಲ್ಲಿ ಪತ್ರಿಕೆಗೆ ಬರೆಯುವವರು ಇಬ್ಬರಿದ್ದರು. ಒಂದು ಕಾಲದಲ್ಲಿ ಒಂದೇ ವಾರಪತ್ರಿಕೆಯಲ್ಲಿದ್ದವರು, ಜಾಹೀರಾತಿನ ಹಣದ ವಿಷಯಕ್ಕೆ ಮುರಿದುಕೊಂಡು ಬೇರೆಯಾದವರು. ಅವರ ಜಗಳ ನಮ್ಮ ಅರ್ಜಿಗಿಂತ ಬಹಳ ಹಳೆಯದೆಂಬುದು ನಮಗೆ ಆಗ ಗೊತ್ತಿರಲಿಲ್ಲ. ಮೊದಲನೆಯವರು ಊರಿಗೇ ಬಂದು, "ಅಣ್ಣಾ, ನಿಮ್ಮ ಮಗಳ ಪರವಾಗಿ ನಾನು ನಿಲ್ಲುತ್ತೇನೆ" ಎಂದು ಅಪ್ಪನಿಂದ ದಾಖಲೆಗಳ ನಕಲು ಪಡೆದುಕೊಂಡರು. ಉಳ್ಳವರು ಬಡವರ ಪಾಲನ್ನು ತಿನ್ನುತ್ತಿದ್ದಾರೆಂದು ಅವರು ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಬರಹದ ಜೊತೆಗೆ ತಂಗಿಯ ಅಂಕಪಟ್ಟಿ, ಭಾವಚಿತ್ರ, ಆದಾಯ ಪ್ರಮಾಣಪತ್ರ ಎಲ್ಲವೂ ಇದ್ದವು. ಪ್ರಮಾಣಪತ್ರದ ಮೇಲಿನ ಆರ್‌ಡಿ ಸಂಖ್ಯೆಯನ್ನೂ, ಅಂದರೆ ಆ ಪ್ರಮಾಣಪತ್ರದ ಗುರುತಿನ ಸಂಖ್ಯೆಯನ್ನೂ, ಮುಚ್ಚಿರಲಿಲ್ಲ. ಆ ಸಂಖ್ಯೆ ಕೈಯಲ್ಲಿದ್ದರೆ ನಾಡಕಚೇರಿಯ ಜಾಲತಾಣದಲ್ಲಿ ಯಾರು ಬೇಕಾದರೂ ಪ್ರಮಾಣಪತ್ರವನ್ನು ತೆರೆದು ನೋಡಬಹುದು.

ಎರಡನೆಯವರು ಸುಮ್ಮನಿರಲಿಲ್ಲ. ಅವರಿಗೆ ಆಯ್ಕೆಯಾದ ಹುಡುಗಿಯ ಅರ್ಜಿಯ ಪುಟಗಳು ಸಿಕ್ಕಿದ್ದವು. ಅವು ಕಾಲೇಜಿನ ಕಚೇರಿಯಿಂದಲ್ಲದೆ ಬೇರೆಲ್ಲಿಂದಲೂ ಹೊರಬರಲು ಸಾಧ್ಯವಿಲ್ಲ. ಎರಡೂ ಮನೆಗಳ ಜಾತಿ, ಜಮೀನು, ಯಾರಿಗೆ ಯಾವ ಸೌಲಭ್ಯ ಎಷ್ಟು ಸಿಕ್ಕಿದೆ ಎಂಬುದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಚರ್ಚೆಯಾಯಿತು. ಆಮೇಲೆ ಹುಡುಗಿಯರೂ ಬದಿಗೆ ಸರಿದರು, ದತ್ತಿಯೂ ಬದಿಗೆ ಸರಿಯಿತು. ನಿನ್ನ ಮಗನಿಗೆ ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಸೀಟು ಹೇಗೆ ಸಿಕ್ಕಿತು, ನಿನ್ನ ತಮ್ಮನಿಗೆ ಗುತ್ತಿಗೆ ಯಾರು ಕೊಡಿಸಿದರು ಎಂದು ಅವರಿಬ್ಬರೇ ಕಿತ್ತಾಡಿದರು. ದತ್ತಿಯ ಷರತ್ತುಗಳನ್ನು ಬರೆದಿಟ್ಟ ದತ್ತಿಪತ್ರದ ನಕಲನ್ನು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ಆಯ್ಕೆ ಸಮಿತಿಯ ನಡಾವಳಿ ಎಲ್ಲಿದೆ ಎಂದೂ ಕೇಳಲಿಲ್ಲ.

371(ಜೆ) ಮಾತು ಬಂದಿದ್ದರಿಂದ ನನ್ನ ಮನಸ್ಸಿನಲ್ಲಿರುವುದನ್ನು ಹೇಳುತ್ತೇನೆ. 2012ರ 98ನೇ ತಿದ್ದುಪಡಿಯಿಂದ ಬಂದ ಆ ವಿಧಿ ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ದೊಡ್ಡ ಆಸರೆ. ಇಲ್ಲಿನ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲಾಗಿದ್ದು ಅದರಿಂದಲೇ. ಆದರೆ ಸಹಾಯಕ ಆಯುಕ್ತರ ಕಚೇರಿಯಿಂದ ಸಿಗುವ ಅರ್ಹತಾ ಪ್ರಮಾಣಪತ್ರ ನೀವು ಈ ಭಾಗದವರೇ ಎಂಬುದನ್ನು ಮಾತ್ರ ನೋಡುತ್ತದೆ, ನಿಮ್ಮ ಆದಾಯವನ್ನಲ್ಲ. ದಾಲ್ ಮಿಲ್ ಮಾಲೀಕರ ಮಗಳೂ ಒಣಬೇಸಾಯದವರ ಮಗಳೂ ಅಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಬೆಂಗಳೂರಿನ ಎದುರು ನಾವೆಲ್ಲರೂ ಹಿಂದುಳಿದವರು ನಿಜ, ನಮ್ಮೊಳಗೆ ನಾವು ಸಮಾನರಲ್ಲ. ಆ ದತ್ತಿ ಕೊಟ್ಟವರಿಗೆ ಇದು ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಅವರು ಒಣಬೇಸಾಯದ ಕುಟುಂಬ ಎಂದು ಬಿಡಿಸಿ ಬರೆಸಿದ್ದರು. ಮೊತ್ತ ದೊಡ್ಡದಲ್ಲ. ಮಿಲ್ ಇರುವ ಮನೆಗೆ ಅದು ಲೆಕ್ಕಕ್ಕೇ ಬರುವುದಿಲ್ಲ, ನಮಗೆ ಅದು ಹಾಸ್ಟೆಲ್ ಬಿಡುವುದೋ ಉಳಿಯುವುದೋ ಎಂಬ ಪ್ರಶ್ನೆ.

ಆ ಹುಡುಗಿಯ ಬಗ್ಗೆ ನನಗೆ ಸಿಟ್ಟಿಲ್ಲ. ಅವಳ ಹೆಸರಿನಲ್ಲಿ ಅರ್ಜಿ ಬರೆದವರು ಮನೆಯ ಹಿರಿಯರು. ಜಗಳ ಬೀದಿಗೆ ಬಂದ ಮೇಲೆ ಅವಳೂ ತರಗತಿಗೆ ಬರುವುದನ್ನು ಕಡಿಮೆ ಮಾಡಿದಳು. ಪ್ರಯೋಗಾಲಯದಲ್ಲಿ ಒಂದೇ ಮೇಜಿನ ಮೇಲೆ ಕೆಲಸ ಮಾಡುತ್ತಿದ್ದ ಇಬ್ಬರು ಮುಖ ನೋಡುವುದನ್ನು ಬಿಟ್ಟರು. ನನ್ನ ತಂಗಿಗೆ ಗುರುತಿಲ್ಲದ ಸಂಖ್ಯೆಗಳಿಂದ ರಾತ್ರಿ ಕರೆಗಳು ಬರತೊಡಗಿ, ಸಿಮ್ ಬದಲಿಸಬೇಕಾಯಿತು. ಅರ್ಜಿಯ ಮೇಲೆ ಬರೆದ ಸಂಖ್ಯೆ ಅದೇ ಆಗಿತ್ತು.

ಕೊನೆಗೆ ಸ್ವಲ್ಪವಾದರೂ ಉಪಯೋಗಕ್ಕೆ ಬಂದದ್ದು ಮಾಹಿತಿ ಹಕ್ಕು. ಅದು ಅನುದಾನಿತ ಕಾಲೇಜು. ನಾವು ಅರ್ಜಿ ಹಾಕಿದಾಗ, ನಮ್ಮದು ಖಾಸಗಿ ಟ್ರಸ್ಟ್, ಈ ಕಾಯ್ದೆ ನಮಗೆ ಅನ್ವಯಿಸುವುದಿಲ್ಲ ಎಂದು ಕಾಲೇಜಿನವರು ಮೊದಲು ಬರೆದು ಕಳುಹಿಸಿದರು. 2005ರ ಕಾಯ್ದೆಯ 2(ಎಚ್) ಕಲಮಿನ ಪ್ರಕಾರ ಸರ್ಕಾರದಿಂದ ಗಣನೀಯ ಧನಸಹಾಯ ಪಡೆಯುವ ಸಂಸ್ಥೆಯೂ ಉತ್ತರ ಕೊಡಬೇಕು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನಗಳ ಗಡುವು. ಉತ್ತರ ಸರಿಯಿಲ್ಲದಿದ್ದರೆ ಮುಂದಿನ ಮೂವತ್ತು ದಿನಗಳೊಳಗೆ ಮೇಲ್ಮನವಿ. ಮೇಲ್ಮನವಿಯ ನಂತರ ದತ್ತಿಪತ್ರದ ನಕಲು ಕೈಗೆ ಬಂತು. ಸರ್ಕಾರದಿಂದ ವಿದ್ಯಾರ್ಥಿವೇತನ ಪಡೆಯುತ್ತಿರುವವರಿಗೆ ಇಲ್ಲ ಎಂಬ ಷರತ್ತು ಅದರಲ್ಲಿ ಎಲ್ಲೂ ಇರಲಿಲ್ಲ. ಪ್ರಾಂಶುಪಾಲರು ಮತ್ತು ಇಬ್ಬರು ಉಪನ್ಯಾಸಕರ ಸಮಿತಿ ಆಯ್ಕೆ ಮಾಡಬೇಕು ಎಂದಿತ್ತು. ಆ ವರ್ಷದ ಸಭೆಯ ನಡಾವಳಿ ಲಭ್ಯವಿಲ್ಲ ಎಂದು ಅವರೇ ಬರೆದುಕೊಟ್ಟರು. ಇನ್ನೊಬ್ಬ ವಿದ್ಯಾರ್ಥಿನಿಯ ಆದಾಯದ ದಾಖಲೆಯನ್ನು ಕೊಡಲಿಲ್ಲ. ಅದನ್ನು ನಾವು ಕೇಳಿಯೂ ಇರಲಿಲ್ಲ, ಕೇಳುವ ಅಗತ್ಯವೂ ಇಲ್ಲ. ಯಾರ ಆದಾಯ ಪ್ರಮಾಣಪತ್ರದ ಬಗ್ಗೆಯಾದರೂ ಅನುಮಾನವಿದ್ದರೆ ತಹಶೀಲ್ದಾರರಿಗೆ ಲಿಖಿತ ದೂರು ಕೊಡಿ, ಬೀದಿಯಲ್ಲಿ ಹಿಡಿದು ತೋರಿಸಬೇಡಿ.

ಇನ್ನೊಂದು ದಾರಿ ಇರುವುದು ಬಹಳ ವಿದ್ಯಾರ್ಥಿಗಳಿಗೆ ತಿಳಿದೇ ಇಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2023ರ ನಿಯಮಗಳ ಪ್ರಕಾರ ಪ್ರತಿ ಕಾಲೇಜಿನಲ್ಲೂ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ವಿದ್ಯಾರ್ಥಿವೇತನ ತಡವಾದರೆ ಅಥವಾ ಕೊಡದೇ ಹೋದರೆ ಅಲ್ಲಿ ದೂರಬಹುದು. ಸಮಿತಿ ಹದಿನೈದು ಕೆಲಸದ ದಿನಗಳೊಳಗೆ ವರದಿ ಕೊಡಬೇಕು, ಅದು ಒಪ್ಪಿಗೆಯಾಗದಿದ್ದರೆ ಇಂಥ ಮೇಲ್ಮನವಿಗಳನ್ನು ಕೇಳಲೆಂದೇ ಇರುವ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಹಾಕಬಹುದು. ನಮ್ಮ ಕಾಲೇಜಿನಲ್ಲಿ ಆ ಸಮಿತಿಯ ಸದಸ್ಯರ ಹೆಸರುಗಳನ್ನು ಫಲಕಕ್ಕೆ ಹಾಕಿದ್ದು ತಂಗಿ ಲಿಖಿತವಾಗಿ ಕೇಳಿದ ನಂತರ.

ಆದ್ದರಿಂದ ಅರ್ಜಿ ಕೊಡುವ ಮೊದಲೇ ದತ್ತಿಯ ಷರತ್ತುಗಳನ್ನು ಲಿಖಿತವಾಗಿ ಕೇಳಿ. ಅರ್ಜಿಯ ಎರಡನೆಯ ಪ್ರತಿಯ ಮೇಲೆ ಆವಕ ಸಂಖ್ಯೆ, ದಿನಾಂಕ, ಮೊಹರು ಹಾಕಿಸಿಕೊಳ್ಳಿ. ಹಾಕುವುದಿಲ್ಲ ಎಂದರೆ ಅಲ್ಲಿಂದಲೇ ಅಂಚೆ ಕಚೇರಿಗೆ ಹೋಗಿ ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಪ್ರಾಂಶುಪಾಲರ ಹೆಸರಿಗೆ ಕಳುಹಿಸಿ, ರಸೀದಿ ಇಟ್ಟುಕೊಳ್ಳಿ. ಸೂಚನಾ ಫಲಕದ ಚಿತ್ರವನ್ನು ಆಗಾಗ ತೆಗೆದಿಡಿ; ಖಾಲಿ ಫಲಕದ ಚಿತ್ರವೂ ಮುಂದೆ ಸಾಕ್ಷಿಯಾಗುತ್ತದೆ. ಮನೆಗೆ ಬಂದು ನಿಮ್ಮ ಪರ ಬರೆಯುತ್ತೇನೆ ಎನ್ನುವವರಿಗೆ ವಿಷಯವನ್ನು ಬೇಕಾದರೆ ಹೇಳಿ, ಆದರೆ ಮಗಳ ಭಾವಚಿತ್ರ, ಮೊಬೈಲ್ ಸಂಖ್ಯೆ, ಆರ್‌ಡಿ ಸಂಖ್ಯೆ ಇರುವ ಒಂದು ಹಾಳೆಯನ್ನೂ ಕೊಡಬೇಡಿ. ಅವರು ನಿಜವಾಗಿಯೂ ನಿಮ್ಮ ಪರವಾಗಿದ್ದರೆ ದತ್ತಿಪತ್ರವನ್ನು ಕೇಳಿ ಕಾಲೇಜಿಗೆ ತಾವೇ ಅರ್ಜಿ ಹಾಕುತ್ತಾರೆ.

ತಂಗಿಗೆ ಆ ಹಣ ಬರಲಿಲ್ಲ. ಅವಳು ಪದವಿ ಮುಗಿಸಿದ್ದಾಳೆ, ಓಂಬುಡ್ಸ್‌ಪರ್ಸನ್ ಮುಂದಿರುವ ಮೇಲ್ಮನವಿಯನ್ನು ಹಿಂತೆಗೆದುಕೊಂಡಿಲ್ಲ. ಈ ವರ್ಷ ಅದೇ ದತ್ತಿಯ ಅರ್ಜಿ ಆಹ್ವಾನದ ಕೆಳಗೆ ಷರತ್ತುಗಳನ್ನು ಅಚ್ಚು ಹಾಕಿಸಿ ಫಲಕಕ್ಕೆ ಅಂಟಿಸಿದ್ದಾರೆ ಎಂದು ಅವಳ ಕಿರಿಯರು ಚಿತ್ರ ಕಳುಹಿಸಿದ್ದಾರೆ. ನಿಮ್ಮ ಮಕ್ಕಳ ಕಾಲೇಜಿನಲ್ಲಿ ಇಂಥ ದತ್ತಿಗಳು ಎಷ್ಟಿವೆ, ಹಿಂದಿನ ವರ್ಷ ಅವು ಯಾರಿಗೆ ಹೋದವು ಎಂದು ಈ ತಿಂಗಳೇ ಒಂದು ಅರ್ಜಿ ಬರೆದು ಕೇಳಿ.