ಕೋವಿಡ್ ಲಸಿಕೆಗೆ ಸಮಯ ಕಾದಿರಿಸುವ ಜಾಲತಾಣ: ಕರೆತರುವವರಿಗೆ ಅಲ್ಲಿ ಜಾಗವಿಲ್ಲ

ಐದರಲ್ಲಿ ಎರಡು ನಕ್ಷತ್ರ ಕೊಡುತ್ತಿದ್ದೇನೆ. ಎರಡೂ ಲಸಿಕೆ ಕೇಂದ್ರದ ದಾದಿಯರಿಗೆ ಸಲ್ಲಬೇಕು. ಸಮಯ ಕಾದಿರಿಸುವ ಜಾಲತಾಣಕ್ಕಾಗಲಿ ಅದರ ಸಹಾಯವಾಣಿಗಾಗಲಿ ಒಂದನ್ನೂ ಕೊಡಲಾರೆ.

ಅಮ್ಮನಿಗೆ 84 ವರ್ಷ. ಎಡಗಿವಿ ಕೇಳಿಸುವುದೇ ಇಲ್ಲ, ಬಲಗಿವಿಗೆ ಶ್ರವಣ ಯಂತ್ರ ಬೇಕು. ಸೊಂಟದ ಮೂಳೆ ಮುರಿದ ಮೇಲೆ ವಾಕರ್ ಇಲ್ಲದೆ ನಾಲ್ಕು ಹೆಜ್ಜೆ ಇಡಲಾರಳು. ಅವಳ ಸ್ನಾನ, ಇನ್ಸುಲಿನ್, ರಾತ್ರಿ ಎರಡು ಸಲ ಶೌಚಕ್ಕೆ ಎಬ್ಬಿಸುವುದು ಎಲ್ಲವೂ ನನ್ನ ಪಾಲಿನದು. 2020ರ ಡಿಸೆಂಬರ್ 8ರಂದು ಬ್ರಿಟನ್ನಿನಲ್ಲಿ 90 ವರ್ಷದ ಮಹಿಳೆಯೊಬ್ಬರು ಫೈಜರ್ ಲಸಿಕೆ ಹಾಕಿಸಿಕೊಂಡದ್ದನ್ನು ಟಿ.ವಿ.ಯಲ್ಲಿ ಕಂಡ ಅಮ್ಮ, ‘ನನಗಿಂತ ದೊಡ್ಡವರಿಗೇ ಆಯಿತಲ್ಲ, ನನಗೆ ಯಾವಾಗ?’ ಎಂದು ಕೇಳಿದ್ದಳು. ಅವಳ ವಯಸ್ಸಿನವರ ಸರದಿ ಬಂದ ಮೇಲೂ ಸಮಯ ಸಿಗಲು ನಮಗೆ ಹತ್ತೊಂಬತ್ತು ದಿನ ಹಿಡಿಯಿತು.

ಜಾಲತಾಣ ತೆರೆಯುವುದು ಬೆಳಿಗ್ಗೆ 8ಕ್ಕೆ. ನಾಲ್ಕೇ ನಿಮಿಷದಲ್ಲಿ ಎಲ್ಲ ಭರ್ತಿ. ಅದು ಅಮ್ಮನನ್ನು ಹಾಸಿಗೆಯಿಂದ ಎಬ್ಬಿಸುವ ಹೊತ್ತು. ಒಂದು ಕೈ ಅವಳ ಬೆನ್ನಿಗೆ ಆಸರೆಯಾಗಿರುವಾಗ ಇನ್ನೊಂದು ಕೈಯಲ್ಲಿ ಫಾರಂ ತುಂಬುವುದು ಹೇಗೆ? ಒಟಿಪಿ ಅವಳ ಹಳೆಯ ಫೋನಿಗೆ ಬರುತ್ತಿತ್ತು, ಬರುವಷ್ಟರಲ್ಲಿ ಅವಧಿ ಮುಗಿದಿರುತ್ತಿತ್ತು. ಜನ್ಮದಿನಾಂಕದ ಕಾಟ ಬೇರೆ. ಅವಳ ಗುರುತಿನ ಚೀಟಿಯಲ್ಲಿರುವುದು ಇಸವಿ ಮಾತ್ರ; ಜೋರು ಮಳೆ ಸುರಿಯುತ್ತಿದ್ದ ದಿನ ಹುಟ್ಟಿದೆ ಎಂಬುದಷ್ಟೇ ಅವಳಿಗೆ ಗೊತ್ತು. ತಾರೀಖು ಇಲ್ಲದೆ ಫಾರಂ ಮುಂದೆ ಹೋಗುವುದಿಲ್ಲ. ಕೊನೆಗೆ ಜನವರಿ 1 ಎಂದು ತುಂಬಿದೆ.

ಸಹಾಯವಾಣಿಗೆ ಕರೆ ಮಾಡಿದರೆ, ಲಸಿಕೆ ಪಡೆಯುವವರೇ ಮಾತನಾಡಬೇಕು ಎಂದರು. ಪ್ರಶ್ನೆಗಳನ್ನು ಅಮ್ಮನ ಕಿವಿಯ ಬಳಿ ಗಟ್ಟಿಯಾಗಿ ಹೇಳತೊಡಗಿದೆ. ಬೇರೆಯವರು ಹೇಳಿಕೊಡಬಾರದು ಎಂದು ಕರೆ ಕಡಿದರು. ಕಿವಿ ಕೇಳಿಸದವರು ಫೋನಿನಲ್ಲಿ ಹೇಗೆ ಉತ್ತರಿಸಬೇಕು ಎಂಬುದನ್ನು ಆ ನಿಯಮ ಬರೆದವರು ಒಮ್ಮೆಯೂ ಯೋಚಿಸಿರಲಿಕ್ಕಿಲ್ಲ.

ನನಗೆ ಹೆಚ್ಚು ನೋವು ಕೊಟ್ಟದ್ದು ಇನ್ನೊಂದು. ಫಾರಂನಲ್ಲಿ ‘ಆರೈಕೆದಾರರು’ ಎಂಬ ವಿಭಾಗವಿದೆ ಎಂದು ಸಂತೋಷದಿಂದ ಒತ್ತಿದೆ. ‘ಉದ್ಯೋಗ ನೀಡಿರುವ ಸಂಸ್ಥೆಯ ಹೆಸರು’ ಕೇಳಿತು. ‘ಮನೆ’ ಎಂದು ಬರೆದೆ. ಕೆಂಪಕ್ಷರದಲ್ಲಿ ತಿರಸ್ಕರಿಸಿತು. ನನಗೆ 52 ವರ್ಷ, ವಯಸ್ಸಿನ ಲೆಕ್ಕದಲ್ಲಿ ಸರದಿ ಇನ್ನೂ ದೂರವಿತ್ತು. ಔಷಧಿ ಅಂಗಡಿಗೆ ಹೋಗಿ ಬಂದು, ಅದೇ ಕೈಯಲ್ಲಿ ಅಮ್ಮನಿಗೆ ತುತ್ತು ಕೊಡುವವಳು ನಾನು. ರೋಗ ಅವಳನ್ನು ತಲುಪಬೇಕಾದರೆ ನನ್ನ ಮೂಲಕವೇ ತಲುಪಬೇಕು. ಮುಪ್ಪಿನಲ್ಲಿ ಲಸಿಕೆಗೆ ದೇಹ ಸ್ಪಂದಿಸುವುದೂ ಸಾಮಾನ್ಯವಾಗಿ ಕಡಿಮೆ. ಆದ್ದರಿಂದಲೇ ಹತ್ತಿರ ಇರುವವರಿಗೂ ಲಸಿಕೆ ಬೇಕು. ನಾನು ಮಲಗಿದರೆ ಅವಳನ್ನು ಎಬ್ಬಿಸುವವರೂ ಇಲ್ಲ.

ಇದೇ ಪಾಡಿನಲ್ಲಿರುವವರಿಗೆ ಒಂದು ಮಾತು: ನಮಗೆ ಸಮಯ ಸಿಕ್ಕಿದ್ದು ಬೆಳಿಗ್ಗೆಯಲ್ಲ, ರಾತ್ರಿ 11ರ ನಂತರ, ಯಾರೋ ರದ್ದು ಮಾಡಿದ ಜಾಗದಲ್ಲಿ.

ಕೇಂದ್ರದ ಬಾಗಿಲಲ್ಲಿ ಕಾವಲುಗಾರ ನನ್ನನ್ನು ತಡೆದ. ಒಳಗಿನಿಂದ ದಾದಿಯೊಬ್ಬರು ತಾವೇ ಗಾಲಿಕುರ್ಚಿ ತಂದು, ‘ಅಜ್ಜಿಯ ಜೊತೆ ಇವರೂ ಬರಲಿ’ ಎಂದರು. ಅಮ್ಮನಿಗೆ ಕೇಳಿಸುತ್ತಿಲ್ಲ ಎಂದು ತಿಳಿದೊಡನೆ ಕಾಗದದ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದರು: ‘ಯಾವುದಾದರೂ ಔಷಧಿ ಒಗ್ಗುವುದಿಲ್ಲವೇ?’ ಅಮ್ಮ ಕನ್ನಡಕ ಸರಿಮಾಡಿಕೊಂಡು ಓದಿ, ತಾನೇ ಉತ್ತರ ಕೊಟ್ಟಳು. ಎಷ್ಟೋ ತಿಂಗಳ ನಂತರ ಯಾರೋ ಅವಳನ್ನೇ ಕೇಳಿದ್ದರು. ಚುಚ್ಚಿದ ಮೇಲೆ 15 ನಿಮಿಷ ಕೂರಿಸಬೇಕಾದಲ್ಲಿ ಅರ್ಧ ಗಂಟೆ ಕೂರಿಸಿ, ಎರಡು ಸಲ ಬಂದು ನೋಡಿ ಹೋದರು.

ಎರಡನೇ ಡೋಸ್ 21 ದಿನಗಳ ನಂತರ. ಅದನ್ನು ಜಾಲತಾಣ ತಾನಾಗಿ ಗೊತ್ತುಮಾಡುವುದಿಲ್ಲ. ಮತ್ತೆ ಮೊದಲಿನಿಂದ ಅದೇ ಒದ್ದಾಟ. ಈ ಬಾರಿ ಸಿಕ್ಕಿದ್ದು ಸಂಜೆಯ ಕೊನೆಯ ಸಮಯ. ಆ ದಿನ ಇಬ್ಬರು ಬಂದಿರಲಿಲ್ಲ. ಆ ಫೈಜರ್ ಸೀಸೆಗೆ ಲವಣಜಲ ಬೆರೆಸಿದರೆ ಆರು ಡೋಸ್ ಆಗುತ್ತಿತ್ತು, ಬೆರೆಸಿದ 6 ಗಂಟೆಯೊಳಗೆ ಬಳಸದಿದ್ದರೆ ಚೆಲ್ಲಬೇಕಿತ್ತು. ಅದೇ ದಾದಿ ನನ್ನತ್ತ ತಿರುಗಿ, ‘ನಿಮಗೆ ಆಗಿದೆಯೇ?’ ಎಂದು ಕೇಳಿದರು. ಇಲ್ಲ ಎಂದೆ. ಮೇಲಧಿಕಾರಿಯನ್ನು ಕೇಳಿ ಬಂದು, ನನ್ನ ಹೆಸರನ್ನು ಪುಸ್ತಕದಲ್ಲಿ ಕೈಯಿಂದ ಬರೆದು, ಚುಚ್ಚುಮದ್ದು ಕೊಟ್ಟರು. ನನಗೆ ಅಳು ಬಂದಿತು. ಬಾರದ ಆ ಇಬ್ಬರು ಕರೆತರುವವರಿಲ್ಲದ ಹಿರಿಯರೇ ಇರಬಹುದೇ ಎಂಬ ಯೋಚನೆ ಇಂದಿಗೂ ಬಿಟ್ಟಿಲ್ಲ.

ಜಾಲತಾಣ ನಡೆಸುವವರು ದೊಡ್ಡದೇನೂ ಮಾಡಬೇಕಿಲ್ಲ. ‘ಇವರನ್ನು ಮನೆಯಲ್ಲಿ ನೋಡಿಕೊಳ್ಳುವವರು ಯಾರು?’ ಎಂದು ಒಂದು ಸಾಲು ಸೇರಿಸಿ, ಅವರ ಫೋನಿಗೇ ಒಟಿಪಿ ಕಳುಹಿಸಿ, ಇಬ್ಬರಿಗೂ ಒಂದೇ ದಿನ, ಒಂದೇ ಹೊತ್ತು ಕೊಡಲಿ.

ನನ್ನ ಎರಡನೇ ಡೋಸ್‌ಗೆ ಇನ್ನು ಒಂಬತ್ತು ದಿನ ಉಳಿದಿದೆ. ನಿನ್ನೆ ರಾತ್ರಿಯೂ ಪ್ರಯತ್ನಿಸಿದೆ. ಸಂಸ್ಥೆಯ ಹೆಸರು ಕೇಳುತ್ತಿದೆ.